ಗೋಪ್ಯತೆಯ ಪರದೆಯೂ ತೆರಿಗೆಯ ಲೆಕ್ಕವೂ

ಭೂಪಟದಲ್ಲಿ ಚಳ್ಳಕೆರೆಯಿಂದ ಕಾರವಾರಕ್ಕೆ ಒಂದು ನೇರ ಗೆರೆ ಎಳೆದರೆ ಅದು ನಮ್ಮ ಹಿರೇಕೆರೂರು ಮತ್ತು ಹಾನಗಲ್ಲುಗಳ ನಡುವೆ ಹಾದುಹೋಗುತ್ತದೆ. 2023ರ ಜೂನ್ 16ರಂದು ಈ ಗೆರೆಯ ಎರಡು ತುದಿಗಳ ನಡುವೆ ಒಂದು ಮಹತ್ವದ ಪ್ರಯೋಗ ಜರುಗಿತು. ಚಳ್ಳಕೆರೆ ಬಳಿಯ ವೈಮಾನಿಕ ಪರೀಕ್ಷಾ ಕೇಂದ್ರದಿಂದ ಹಾರಿದ 'ತಪಸ್' ಎಂಬ ಚಾಲಕರಹಿತ ಬೇಹುಗಾರಿಕೆ ವಿಮಾನದ ಹತೋಟಿಯನ್ನು, ಕಾರವಾರದಾಚೆ ಸಮುದ್ರದಲ್ಲಿದ್ದ ಐಎನ್‌ಎಸ್ ಸುಭದ್ರಾ ನೌಕೆಯ ನಿಯಂತ್ರಣ ಕೇಂದ್ರಕ್ಕೆ ಹಸ್ತಾಂತರಿಸಲಾಯಿತು. 20,000 ಅಡಿ ಎತ್ತರದಲ್ಲಿ ಮೂರೂವರೆ ಗಂಟೆ ಹಾರಿದ ವಿಮಾನವು 40 ನಿಮಿಷ ಆ ನೌಕೆಯ ಆಜ್ಞೆಯಲ್ಲಿತ್ತು.

ಇದು ಹೆಮ್ಮೆಯ ಸಂಗತಿ ಎಂಬುದರಲ್ಲಿ ಎರಡು ಮಾತಿಲ್ಲ. ಏಕೆಂದರೆ ಇಂತಹ ವ್ಯವಸ್ಥೆಯಲ್ಲಿ ವಿಮಾನವೆಂಬುದು ಅರ್ಧ ಭಾಗ ಮಾತ್ರ. ಉಳಿದರ್ಧ ನೆಲದ ಮೇಲಿರುತ್ತದೆ. ಭಾರೀ ವಾಹನದ ಮೇಲೆ ಕೂರಿಸಿದ ಕೋಣೆಯೊಳಗೆ ಒಬ್ಬರು ವಿಮಾನವನ್ನು ನಡೆಸುತ್ತಾರೆ, ಇನ್ನೊಬ್ಬರು ಕ್ಯಾಮರಾ ಮತ್ತು ರಾಡಾರ್‌ಗಳನ್ನು ನಿರ್ವಹಿಸುತ್ತಾರೆ. ಪಕ್ಕದ ಆಂಟೆನಾ ಚಿತ್ರಗಳನ್ನು ಬರಮಾಡಿಕೊಳ್ಳುತ್ತದೆ. ಒಂದೇ ಕಡೆ ನಿಂತ ಕೇಂದ್ರ ವೈರಿಯ ಮೊದಲ ಗುರಿಯಾಗುತ್ತದೆ. ಆದ್ದರಿಂದಲೇ ಅದು ಚಲಿಸುವಂತಿರಬೇಕು. ಗಡಿಯಲ್ಲಿರುವ ಸೈನಿಕನಿಗೆ ಸಕಾಲದಲ್ಲಿ ಮಾಹಿತಿ ತಲುಪದಿದ್ದರೆ ಪ್ರಾಣ ತೆರುವವನು ಅವನೇ. ಇಂತಹ ಸಾಧನ ದೇಶಕ್ಕೆ ಬೇಕೇ ಎಂಬುದು ನಮ್ಮ ಪ್ರಶ್ನೆಯಲ್ಲ. ಬೇಕೇ ಬೇಕು. ಅದನ್ನು ಮಾಡುತ್ತೇವೆಂದು ಹಣ ಪಡೆದವರು ಯಾರಿಗೆ ಉತ್ತರದಾಯಿಗಳು ಎಂಬುದೇ ನಮ್ಮ ಪ್ರಶ್ನೆ.

ಬೆಂಗಳೂರಿನ ವೈಮಾನಿಕ ಅಭಿವೃದ್ಧಿ ಸಂಸ್ಥೆಗೆ ಈ ಯೋಜನೆ ಮಂಜೂರಾದದ್ದು 2011ರ ಫೆಬ್ರವರಿಯಲ್ಲಿ. ಮೊತ್ತ 1,540.74 ಕೋಟಿ ರೂಪಾಯಿ, ಗಡುವು 2016ರ ಆಗಸ್ಟ್. ಆದರೆ ವಿಮಾನ ಮೊದಲ ಬಾರಿ ನೆಲ ಬಿಟ್ಟದ್ದೇ ಗಡುವು ಮುಗಿದ ಮೇಲೆ, 2016ರ ನವೆಂಬರ್‌ನಲ್ಲಿ. ವೆಚ್ಚ 1,786 ಕೋಟಿಗೆ ಏರಿತು. ಸೇನೆ ಕೇಳಿದ್ದು 30,000 ಅಡಿ ಎತ್ತರ, 24 ಗಂಟೆಗಳ ಹಾರಾಟ. ದೊರೆತದ್ದು 28,000 ಅಡಿ, ಸುಮಾರು 18 ಗಂಟೆ. 2023ರ ಆಗಸ್ಟ್ 20ರಂದು ಹಿರಿಯೂರು ತಾಲೂಕಿನ ವದ್ದಿಕೆರೆಯ ಹೊಲದಲ್ಲಿ ಒಂದು ವಿಮಾನ ಪತನಗೊಂಡಿತು. 2024ರ ಜನವರಿಯಲ್ಲಿ, ಯೋಜನೆ ಆದ್ಯತೆಯ ಪಟ್ಟಿಯಿಂದ ಹೊರಬಿತ್ತೆಂಬ ವರದಿಗಳು ಪತ್ರಿಕೆಗಳಲ್ಲಿ ಪ್ರಕಟವಾದವು. ಅದೇ ವರ್ಷ ಅಕ್ಟೋಬರ್ 15ರಂದು ಅಮೆರಿಕದಿಂದ 31 ಚಾಲಕರಹಿತ ವಿಮಾನಗಳನ್ನು ಸುಮಾರು 32,000 ಕೋಟಿ ರೂಪಾಯಿಗೆ ಕೊಳ್ಳುವ ಒಪ್ಪಂದಕ್ಕೆ ಸಹಿ ಬಿತ್ತು. ಅವು ಮೇಲ್ದರ್ಜೆಯವು, ತಪಸ್‌ಗೆ ನೇರ ಬದಲಿಯಲ್ಲ, ನಿಜ. ಆದರೆ ಸ್ವಂತ ಕಾಲಿನ ಮೇಲೆ ನಿಲ್ಲುವುದು ತಡವಾದಷ್ಟೂ ಪರರ ಅಂಗಡಿಯ ಬಿಲ್ಲು ಬೆಳೆಯುತ್ತದೆ ಎಂಬುದೂ ಅಷ್ಟೇ ನಿಜ.

ಪ್ರಯೋಗ ವಿಫಲವಾಗುವುದು ಅಪರಾಧವಲ್ಲ. ಬೀಳದೆ ಹಾರಲು ಕಲಿತ ವಿಜ್ಞಾನ ಜಗತ್ತಿನಲ್ಲೇ ಇಲ್ಲ. ಆದರೆ ಏಕೆ ಬಿದ್ದೆವು ಎಂದು ಹೇಳದಿರುವುದು ಅಪರಾಧ. ಇದು ಒಂದೇ ಯೋಜನೆಯ ಕಥೆಯೂ ಅಲ್ಲ. 2022ರ ಡಿಸೆಂಬರ್‌ನಲ್ಲಿ ಸಂಸತ್ತಿನ ಮುಂದೆ ಬಂದ ಮಹಾಲೇಖಪಾಲರ ವರದಿಯ ಪ್ರಕಾರ, ಡಿಆರ್‌ಡಿಓದ ಪರಿಶೀಲಿಸಲಾದ 178 ಆದ್ಯತಾ ಯೋಜನೆಗಳಲ್ಲಿ 119 ಗಡುವು ಮೀರಿದ್ದವು. ಮೂರರಲ್ಲಿ ಎರಡು! ಸಂಸ್ಥೆಯ ಸುಧಾರಣೆಗೆ ರಾಮರಾವ್ ಸಮಿತಿ 2008ರಲ್ಲಿ ವರದಿ ನೀಡಿತು. 2023ರಲ್ಲಿ ವಿಜಯರಾಘವನ್ ಸಮಿತಿ ರಚನೆಯಾಯಿತು. ಒಂದು ಸಮಿತಿಯ ಶಿಫಾರಸು ಜಾರಿಯಾಗದೆ ಇನ್ನೊಂದು ಸಮಿತಿ ಹುಟ್ಟುವುದಾದರೆ ರೋಗ ಇರುವುದು ಔಷಧಿಯಲ್ಲಲ್ಲ, ರೋಗಿಯ ಹಠದಲ್ಲಿ.

ರಕ್ಷಣೆಯ ವಿಷಯ ಬಹಿರಂಗವಾದರೆ ವೈರಿಗೆ ಲಾಭವೆಂದು ಕೆಲವರು ವಾದಿಸುತ್ತಾರೆ. ಯಾವ ತರಂಗಾಂತರ, ಯಾವ ಸಂಕೇತ, ಯಾವ ಗಡಿಯಲ್ಲಿ ಎಷ್ಟು ವಾಹನ ಎಂಬುದು ಗೋಪ್ಯವಾಗಿರಲಿ. ಅದನ್ನು ಯಾರೂ ಕೇಳುತ್ತಿಲ್ಲ. ಆದರೆ ಎಷ್ಟು ಹಣ, ಎಷ್ಟು ವರ್ಷ, ಯಾರ ನಿರ್ಣಯದಿಂದ ವಿಳಂಬ ಎಂಬುದು ವೈರಿಗೆ ಯಾವ ಆಯುಧ? ಇವು ಗೊತ್ತಾದರೆ ಮುಜುಗರವಾಗುವುದು ಅಧಿಕಾರಿಗಳಿಗೇ ಹೊರತು ದೇಶಕ್ಕಲ್ಲ. ವಿಪರ್ಯಾಸ ನೋಡಿ: 2005ರ ಉದ್ಯೋಗ ಖಾತರಿ ಕಾಯ್ದೆಯ 17ನೇ ಸೆಕ್ಷನ್ ಕೆರೆಯ ಹೂಳೆತ್ತಿದ ಕೂಲಿಯ ಲೆಕ್ಕವನ್ನೂ ಗ್ರಾಮಸಭೆಯ ಮುಂದೆ ಇಡುವಂತೆ ವಿಧಿಸಿತು. ಅದೇ 2005ರ ಮಾಹಿತಿ ಹಕ್ಕು ಕಾಯ್ದೆ ತನ್ನ 24ನೇ ಸೆಕ್ಷನ್ನಿನ ಮೂಲಕ, ಭ್ರಷ್ಟಾಚಾರ ಮತ್ತು ಮಾನವ ಹಕ್ಕು ಉಲ್ಲಂಘನೆಯ ಆರೋಪಗಳನ್ನು ಬಿಟ್ಟು, ಡಿಆರ್‌ಡಿಓಗೆ ವಿನಾಯಿತಿ ಕಲ್ಪಿಸಿದೆ. ನೂರು ರೂಪಾಯಿಯ ಕೂಲಿಗೆ ಸಾಕ್ಷಿ ಬೇಕು, ಸಾವಿರ ಕೋಟಿಗೆ ಬೇಡವೇ?

ತೆರಿಗೆ ತೆರದವರು ಈ ನಾಡಿನಲ್ಲಿ ಯಾರೂ ಇಲ್ಲ. ಸವಣೂರಿನಲ್ಲಿ ಎಲೆ ಮಾರುವವನೂ ಶಿಗ್ಗಾಂವಿಯಲ್ಲಿ ಹೊಲಿಗೆ ಯಂತ್ರ ತುಳಿಯುವವಳೂ ಸೋಪು ಕೊಂಡಾಗಲೆಲ್ಲ ಬೊಕ್ಕಸ ತುಂಬುತ್ತಾರೆ. 2025–26ರ ಕೇಂದ್ರ ಬಜೆಟ್ಟಿನಲ್ಲಿ ಡಿಆರ್‌ಡಿಓಗೆ ಹಂಚಿಕೆಯಾದ 26,816 ಕೋಟಿಯಲ್ಲಿ ಅವರ ಪಾಲೂ ಇದೆ. ಚಳ್ಳಕೆರೆಯ ಜನರಂತೂ ಹಣದ ಜೊತೆಗೆ ನೆಲವನ್ನೂ ಕೊಟ್ಟರು. ಡಿಆರ್‌ಡಿಓಗೆ 4,290 ಎಕರೆ ಸಂದಾಯವಾದದ್ದು ತಲೆಮಾರುಗಳಿಂದ ದನ-ಕುರಿ ಮೇಯುತ್ತಿದ್ದ ಅಮೃತಮಹಲ್ ಕಾವಲಿನಿಂದ. ಅವರು ಹಸಿರು ನ್ಯಾಯಮಂಡಳಿಯ ಬಾಗಿಲು ತಟ್ಟಿದ್ದು ದೇಶದ್ರೋಹದಿಂದಲ್ಲ, ಹುಲ್ಲಿಗಾಗಿ.

ನಮ್ಮ ಸಮುದಾಯದಲ್ಲಿ ಒಂದು ಅಳುಕು ಬೇರೂರಿದೆ. ಸೇನೆಗೆ ಸಂಬಂಧಿಸಿದ ಲೆಕ್ಕ ಕೇಳಿದರೆ ನಮ್ಮ ನಿಷ್ಠೆಯನ್ನೇ ಶಂಕಿಸಿಯಾರು, ಸುಮ್ಮನಿರುವುದೇ ಕ್ಷೇಮ ಎಂಬ ಅಳುಕು. ಈ ಮೌನ ಸುರಕ್ಷತೆಯಲ್ಲ, ಪೌರತ್ವದ ಅರ್ಧ ಭಾಗವನ್ನು ತಾವಾಗಿಯೇ ಬಿಟ್ಟುಕೊಡುವುದು. ಮನೆಯನ್ನು ತನ್ನದೆಂದು ತಿಳಿದವನು ಗೋಡೆ ಕಟ್ಟುವ ಮೇಸ್ತ್ರಿಯ ಲೆಕ್ಕ ಕೇಳುತ್ತಾನೆ. ಕೇಳದವನು ಬಾಡಿಗೆದಾರ.

ಆದ್ದರಿಂದ ನಮ್ಮ ಬೇಡಿಕೆಗಳು ಸರಳ. ಪ್ರತಿಯೊಂದು ದೊಡ್ಡ ರಕ್ಷಣಾ ಸಂಶೋಧನೆಯ ಮಂಜೂರು, ಗಡುವು, ವೆಚ್ಚ ಮತ್ತು ವಿಳಂಬದ ಕಾರಣ ಪ್ರತಿವರ್ಷ ಸಂಸತ್ತಿನ ಮುಂದೆ ಬರಲಿ. ಹಣವನ್ನು ಒಮ್ಮೆಗೇ ಸುರಿಯದೆ ಹಂತಹಂತವಾಗಿ, ಪರೀಕ್ಷೆ ಗೆದ್ದ ಮೇಲೆ ಬಿಡುಗಡೆ ಮಾಡಲಿ. ಬಳಸಬೇಕಾದ ಸೈನಿಕ ಮೊದಲ ದಿನದಿಂದಲೇ ವಿನ್ಯಾಸದ ಮೇಜಿನಲ್ಲಿ ಕುಳಿತಿರಲಿ. ಸಮಿತಿಗಳ ವರದಿಗಳಲ್ಲಿ ಗೋಪ್ಯವಲ್ಲದ ಭಾಗ ಪ್ರಕಟವಾಗಲಿ. ಈ ಪ್ರಶ್ನೆಗಳನ್ನು ನಮ್ಮ ಸಂಸದರು ದೆಹಲಿಯಲ್ಲಿ ಎತ್ತಲಿ. ಮತ ಕೇಳಲು ನಾಲ್ಕೂ ತಾಲೂಕುಗಳ ಓಣಿಗಳಿಗೆ ಬರುವವರನ್ನು ರಸ್ತೆ, ಚರಂಡಿಗಳ ಜೊತೆಗೆ ಇದನ್ನೂ ಕೇಳುವ ಧೈರ್ಯ ಮತದಾರರಿಗೆ ಬರಲಿ. ಆಕಾಶದಿಂದ ವೈರಿಯ ಮೇಲೆ ಕಣ್ಣಿಡುವ ದೇಶಕ್ಕೆ ತನ್ನ ಖಜಾನೆಯ ಮೇಲೂ ಒಂದು ಕಣ್ಣಿರಬೇಕು.