ಬಚ್ಚಲ ನೀರೂ ಬಾವಿಯ ನೀರೂ

ಸಂಸ್ಕೃತದಲ್ಲಿ ನೀರಿಗೆ ಜೀವನವೆಂದೂ ಅಮೃತವೆಂದೂ ಹೆಸರುಂಟು. ವಿಷವೆಂಬ ಶಬ್ದಕ್ಕೂ ನೀರೆಂಬ ಅರ್ಥವನ್ನು ಕೋಶಕಾರರು ಹೇಳಿರುವರು. ಹುಡುಗರಿಗೆ ಅಮರಕೋಶವನ್ನು ಪಾಠ ಹೇಳುತ್ತಿದ್ದ ಕಾಲದಲ್ಲಿ ಈ ವಿರೋಧವನ್ನು ಕಂಡು ನಾವು ನಕ್ಕು ಮುಂದಕ್ಕೆ ಸಾಗುತ್ತಿದ್ದೆವು. ಕಳೆದ ತಿಂಗಳು ನಮ್ಮ ಮನೆಯಲ್ಲಿಯೇ ನಡೆದ ಒಂದು ಸಂಗತಿಯು ನಮ್ಮನ್ನು ಚಿಂತೆಗೆ ಹಚ್ಚಿತು.

ಹಿಂದೊಮ್ಮೆ ನಮಗೆ ಕೆಮ್ಮು ಜ್ವರಗಳು ಬಂದಾಗ ವೈದ್ಯರು ಐದು ದಿನಗಳಿಗೆ ಮಾತ್ರೆಗಳನ್ನು ಕೊಟ್ಟಿದ್ದರು. ಎರಡನೆಯ ದಿನವೇ ಜ್ವರವಿಳಿಯಿತು. ಉಳಿದುವನ್ನು ಗೂಡಿನಲ್ಲಿರಿಸಿ ಮರೆತೆವು. ಕಳೆದ ತಿಂಗಳು ಗೂಡನ್ನು ಶುಚಿಮಾಡುವಾಗ, ಅವಧಿ ಮೀರಿದ ಆ ಮಾತ್ರೆಗಳನ್ನು ಬಚ್ಚಲಿಗೆ ಹಾಕಿ ಎರಡು ಚೊಂಬು ನೀರು ಸುರಿದೆವು. ನೋಡುತ್ತ ನಿಂತಿದ್ದ ಮೊಮ್ಮಗಳು, "ತಾತ, ಆ ನೀರು ಎಲ್ಲಿಗೆ ಹೋಗುತ್ತೆ?" ಎಂದಳು. ಹಿತ್ತಲಿನ ಇಂಗುಗುಂಡಿಗೆ ಎಂದೆವು. "ಅಲ್ಲಿಂದ?" ಎಂದಳು. ಗುಂಡಿಗೂ ಬಾವಿಗೂ ಹದಿನೈದೇ ಹೆಜ್ಜೆ. ನಮಗೆ ಉತ್ತರ ತೋರಲಿಲ್ಲ.

ರೋಗಾಣುಗಳನ್ನು ಕೊಲ್ಲುವ ಇಂತಹ ಔಷಧಗಳಿಗೆ ಆಂಟಿಬಯಾಟಿಕ್ ಎಂದು ಹೆಸರು. 1928ರಲ್ಲಿ ಪೆನಿಸಿಲಿನ್ನನ್ನು ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗರೇ, 1945ರ ತಮ್ಮ ನೊಬೆಲ್ ಉಪನ್ಯಾಸದಲ್ಲಿ, ಸಾಲದಷ್ಟು ಔಷಧವನ್ನು ಸೇವಿಸಿದರೆ ರೋಗಾಣುಗಳು ಸಾಯದೆ ಅದನ್ನು ತಡೆದುಕೊಳ್ಳುವ ಶಕ್ತಿಯನ್ನು ಪಡೆದಾವೆಂದು ಎಚ್ಚರಿಸಿದ್ದರು. ಔಷಧವು ತಗಲಿದಾಗ ದುರ್ಬಲವಾದುವು ಸಾಯುವುವು; ತಡೆಯಬಲ್ಲವು ಉಳಿದು ಸಂತತಿಯನ್ನು ಬೆಳೆಸುವುವು. ಅಷ್ಟೇ ಅಲ್ಲ, ಆ ಶಕ್ತಿಗೆ ಕಾರಣವಾದ ಜೀನನ್ನು ಅನ್ಯಜಾತಿಯ ಅಣುಗಳಿಗೂ ದಾನಮಾಡಬಲ್ಲವು. ನಾವು ನುಂಗಿದ ಔಷಧದ ಒಂದು ಭಾಗವು ಮಲಮೂತ್ರಗಳೊಡನೆ ಹೊರಬೀಳುತ್ತದೆ. ಆಸ್ಪತ್ರೆಗಳಿಂದಲೂ ಕಾರ್ಖಾನೆಗಳಿಂದಲೂ ಮತ್ತಷ್ಟು ಬಂದು ಸೇರುತ್ತದೆ. ಹೀಗೆ ಔಷಧವೂ ರೋಗಾಣುವೂ ಕೂಡಿ ಬಾಳುವ ಚರಂಡಿಯೇ ಈ ದುರ್ವಿದ್ಯೆಯ ಪಾಠಶಾಲೆಯಾಗಿದೆ.

ಇದು ಕೇವಲ ಊಹೆಯಲ್ಲ. 2010ರಲ್ಲಿ ದೆಹಲಿಯ ಬೀದಿಗಳಲ್ಲಿ ನಿಂತ ಕೊಳಚೆ ನೀರಿನ 171 ಮಾದರಿಗಳನ್ನೂ ನಲ್ಲಿಯ ನೀರಿನ 50 ಮಾದರಿಗಳನ್ನೂ ಸಂಗ್ರಹಿಸಿ ಪರೀಕ್ಷಿಸಿದರು. ಕೊನೆಯ ಆಸರೆಯೆನಿಸಿದ ಪ್ರಬಲ ಔಷಧಗಳನ್ನೂ ನಿಷ್ಫಲಗೊಳಿಸುವ ಎನ್‌ಡಿಎಂ-1 ಎಂಬ ಜೀನು ಕೊಳಚೆಯ 51 ಮಾದರಿಗಳಲ್ಲಿಯೂ, ಕುಡಿಯುವ ನೀರಿನ 2 ಮಾದರಿಗಳಲ್ಲಿಯೂ ದೊರೆಯಿತು. ಅದರ ವಿವರ 2011ರಲ್ಲಿ ವೈದ್ಯಪತ್ರಿಕೆಯಲ್ಲಿ ಪ್ರಕಟವಾಯಿತು. ಇಂತಹ ನೀರನ್ನು ಕುಡಿದ ಮಾತ್ರಕ್ಕೆ ಆರೋಗ್ಯವಂತರು ಕಾಯಿಲೆ ಬೀಳುವರೆಂದಲ್ಲ. ಆದರೆ ಈ ರೋಗಾಣು ಬಾಣಂತಿಯ ರಕ್ತವನ್ನೋ, ಹಸುಗೂಸಿನ ದೇಹವನ್ನೋ, ಶಸ್ತ್ರಚಿಕಿತ್ಸೆಯ ಗಾಯವನ್ನೋ ಹೊಕ್ಕರೆ ವೈದ್ಯರ ಕೈ ಸೋಲುತ್ತದೆ.

ಗೃಹಸ್ಥರು ಮಾಡತಕ್ಕದ್ದೇನು? ಔಷಧಕ್ಕೆ ಬಗ್ಗದ ಈ ಜಂತುಗಳು ಬೆಂಕಿಗೆ ಬಗ್ಗುವುವು. ಆದುದರಿಂದ ಕುಡಿಯುವ ನೀರನ್ನು ಚೆನ್ನಾಗಿ ಕುದಿಸಬೇಕು. ಬಾವಿಗೂ ಕೊಳಚೆಯ ಗುಂಡಿಗೂ 50 ಅಡಿಗಳಿಗೆ ಕಡಮೆಯಿಲ್ಲದ ಅಂತರವಿರಬೇಕು. ಪಟ್ಟಿಯ ಮೇಲೆ ಕೆಂಪು ಗೆರೆಯಿರುವ ಮಾತ್ರೆಗಳನ್ನು ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದು, ಅವರು ಹೇಳಿದಷ್ಟು ದಿನ ಸೇವಿಸಬೇಕು, ನೆಂಟರಿಗೆ ಹಂಚಬಾರದು. ನೆಗಡಿಗೆ ಆಂಟಿಬಯಾಟಿಕ್ಕಿನಿಂದ ಪ್ರಯೋಜನವಿಲ್ಲ. ಉಳಿದುದನ್ನು ಬಚ್ಚಲಿಗೂ ಕೆರೆಗೂ ಎಸೆಯದೆ, ಆಸ್ಪತ್ರೆಯಲ್ಲಾಗಲಿ ಔಷಧದಂಗಡಿಯಲ್ಲಾಗಲಿ ಹಿಂದಕ್ಕೆ ಪಡೆಯುವರೇ ಎಂದು ವಿಚಾರಿಸಬೇಕು.

ನಮ್ಮ ಹಿತ್ತಲಿನ ಹಳೆಯ ಗುಂಡಿಯನ್ನು ಮುಚ್ಚಿಸಿ, ಬಾವಿಯಿಂದ ದೂರದ ಮೂಲೆಯಲ್ಲಿ ಹೊಸದನ್ನು ತೋಡಿಸುತ್ತಿದ್ದೇವೆ. ಅಂತರವನ್ನು ಅಳೆಯುವಾಗ ಹಗ್ಗದ ಒಂದು ತುದಿಯನ್ನು ಹಿಡಿದು ನಿಂತವಳು ನಮ್ಮ ಮೊಮ್ಮಗಳೇ.