ಸೊನ್ನೆ ಟಿಕೆಟ್ಟಿನ ಲೆಕ್ಕ

ಮಕ್ಕಳೇ, ನಮ್ಮದು ತುಮಕೂರು ಸೀಮೆಯ ಒಂದು ಸಣ್ಣ ಹಟ್ಟಿ. ಹೋದ ಜೂನ್‌ನಲ್ಲಿ ನನ್ನ ಮೊಮ್ಮಗಳು ಎಂಟನೇ ತರಗತಿಗೆ ಸೇರಬೇಕಿತ್ತು. ಹೈಸ್ಕೂಲು ಇರುವುದು ಹೋಬಳಿಯಲ್ಲಿ. ಬಸ್ ಹತ್ತಬೇಕೆಂದರೆ ಹೆದ್ದಾರಿಯ ಗೇಟಿನವರೆಗೆ ಎರಡೂವರೆ ಕಿಲೋಮೀಟರ್ ನಡೆಯಬೇಕು. ಸಂಜೆ ಬಸ್ ತಡವಾದರೆ ಕತ್ತಲಾಗುತ್ತದೆ.

"ಹೆಣ್ಣುಹುಡುಗಿ, ಒಬ್ಬಳೇ ಹೇಗೆ ಬರ್ತಾಳೆ? ಓದಿದ್ದು ಸಾಕು" ಅಂದ ಅವಳಪ್ಪ.

"ದಿನಾ ಗೇಟಿನ ತನಕ ನಾನು ಹೋಗಿ ಬರ್ತೀನಿ, ಅವಳನ್ನು ಸೇರಿಸು" ಅಂದೆ ನಾನು.

ದಾರಿಯಲ್ಲಿ ಅವಳು ಕೇಳಿದಳು: "ತಾತಾ, ಪಕ್ಕದೂರಿಗೆ ಬಸ್ ಹೋಗುತ್ತೆ. ನಮ್ಮೂರಿಗೆ ಯಾಕೆ ಬರಲ್ಲ?"

"ನಮ್ಮ ತಲೆಗಳು ಲೆಕ್ಕಕ್ಕೆ ಸಾಲಲಿಲ್ಲ ಕಣವ್ವ" ಅಂದೆ.

2000ನೇ ಇಸವಿಯ ಡಿಸೆಂಬರ್ 25ರಂದು ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಶುರುವಾಯಿತು. ಬಯಲುಸೀಮೆಯಾದರೆ 500 ಜನ, ಗುಡ್ಡಗಾಡಾದರೆ 250 ಜನ ಇರುವ ಊರುಗಳಿಗೆ ಎಲ್ಲ ಕಾಲಕ್ಕೂ ಬಾಳುವ ರಸ್ತೆ ಎಂಬುದು ಅದರ ಲೆಕ್ಕ. ಪಕ್ಕದೂರು 500 ದಾಟಿತ್ತು. ನಾವು ಮುನ್ನೂರು ಚಿಲ್ಲರೆ. ಅವರಿಗೆ ಡಾಂಬರು ಬಂತು, ಹಿಂದೆಯೇ ಬಸ್ಸೂ ಬಂತು. ನಮಗೆ ಎಷ್ಟೋ ವರ್ಷಗಳ ಮೇಲೆ ಡಾಂಬರು ಬಂತು, ಬಸ್ ಬರಲಿಲ್ಲ. ಡಿಪೋದಲ್ಲಿ ಕೇಳಿದರೆ, "ನಿಮ್ಮೂರಲ್ಲಿ ಜನ ಎಲ್ಲಿದ್ದಾರೆ ಯಜಮಾನ್ರೇ? ಡೀಸೆಲ್ ದುಡ್ಡೂ ಹುಟ್ಟಲ್ಲ" ಅಂದರು.

ಅದೂ ಸುಳ್ಳಲ್ಲ. ನನ್ನ ಕಿರಿಮಗ ಬೆಂಗಳೂರು ಸೇರಿದ್ದ. 2011ರ ಫೆಬ್ರವರಿಯಲ್ಲಿ ಜನಗಣತಿ ನಡೆದಾಗ ಅವನ ಹೆಸರು ಬರೆದದ್ದು ಅಲ್ಲೇ. ಯಾರು ಎಲ್ಲಿ ವಾಸವಾಗಿದ್ದಾರೋ ಅಲ್ಲಿಯೇ ಅವರ ಎಣಿಕೆ. ಜಾತ್ರೆಗೆ ಬಂದುಹೋಗುವವರು ಊರಿನ ಲೆಕ್ಕಕ್ಕೆ ಸಿಗುವುದಿಲ್ಲ. ಬಸ್ಸಿಲ್ಲವೆಂದು ಜನ ಊರು ಬಿಟ್ಟರು, ಜನ ಇಲ್ಲವೆಂದು ಬಸ್ ಬರಲಿಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು!

ನಾನು ಇಷ್ಟು ಹೇಳಿ ಸುಮ್ಮನಾದೆ. ಹುಡುಗಿ ಸುಮ್ಮನಾಗಲಿಲ್ಲ. ಗೆಳತಿಯರ ಜೊತೆ ಸೇರಿ ಒಂದು ವಾರ ನೋಟ್‌ಬುಕ್ ಹಿಡಿದಳು. ಊರಲ್ಲಿ ಎಷ್ಟು ಜನ ಇದ್ದಾರೆ ಎಂದು ಬರೆಯಲಿಲ್ಲ, ದಿನಾ ಎಷ್ಟು ಜನ ಗೇಟಿಗೆ ನಡೆಯುತ್ತಾರೆ ಎಂದು ಬರೆದಳು. ಶಾಲೆ ಮಕ್ಕಳು, ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು, ಆಸ್ಪತ್ರೆಗೆ ಹೋಗುವ ಅಜ್ಜಿಯರು, ಅದೇ ದಾರಿಯ ಇನ್ನೆರಡು ಹಟ್ಟಿಯವರು ಎಲ್ಲ ಸೇರಿ ದಿನಕ್ಕೆ 38 ಜನ! ಪಂಚಾಯಿತಿ ಮೊಹರು ಹಾಕಿಸಿ ಡಿಪೋಗೆ ಕೊಟ್ಟೆವು. ಎರಡು ತಿಂಗಳ ಮೇಲೆ ಉತ್ತರ ಬಂತು: ಬೆಳಿಗ್ಗೆ ಒಂದು, ಸಂಜೆ ಒಂದು ಟ್ರಿಪ್. ಒಂದು ತಿಂಗಳು ನೋಡುತ್ತೇವೆ.

ಬಸ್ ಬಂದ ದಿನ ತೆಂಗಿನಕಾಯಿ ಒಡೆದೆವು. ಆದರೆ ಮೊದಲ ವಾರ ಒಂದು ಎಡವಟ್ಟಾಯಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸಿನಲ್ಲಿ ದುಡ್ಡಿಲ್ಲ ತಾನೆ? ನಮ್ಮ ಅಜ್ಜಿಯರು, "ದುಡ್ಡೇ ಇಲ್ಲದ ಮೇಲೆ ಚೀಟಿ ಯಾಕಪ್ಪ, ಕಾಗದ ದಂಡ" ಎಂದು ಟಿಕೆಟ್ ಬೇಡ ಅನ್ನತೊಡಗಿದರು. ಕಂಡಕ್ಟರಿಗೂ ಹೇಳಿ ಹೇಳಿ ಸಾಕಾಯಿತು.

ಮೊಮ್ಮಗಳು ಸೀಟಿನಿಂದ ಸೀಟಿಗೆ ಹೋಗಿ ಹೇಳಿದಳು: "ಅಜ್ಜೀ, ಅದರ ಮೇಲೆ ಸೊನ್ನೆ ರೂಪಾಯಿ ಅಂತಿದ್ರೂ ಅದು ಒಂದು ತಲೆ. ಆ ಟಿಕೆಟ್ ನೋಡಿಯೇ ಸರ್ಕಾರ ನಿಗಮಕ್ಕೆ ದುಡ್ಡು ಕೊಡೋದು. ತಗೊಳ್ಳದಿದ್ರೆ ನೀವು ಬಸ್ ಹತ್ತೇ ಇಲ್ಲ ಅಂತ ಲೆಕ್ಕ."

ಅಂದಿನಿಂದ ಅಜ್ಜಿಯರು ಟಿಕೆಟ್ಟನ್ನು ಎಲೆಅಡಿಕೆ ಚೀಲದಲ್ಲಿ ಜೋಪಾನವಾಗಿ ಇಡುತ್ತಾರೆ. ತಿಂಗಳು ಮುಗಿಯಿತು, ಇನ್ನೂ ನಾಲ್ಕು ತಿಂಗಳು ಕಳೆಯಿತು, ಬಸ್ ನಿಂತಿಲ್ಲ. ನನಗೆ ಮಾತ್ರ ಬೆಳಗಿನ ನಡಿಗೆ ತಪ್ಪಿಹೋಯಿತು!

ಪುಟಾಣಿಗಳೇ, ನಿಮ್ಮೂರಿಗೆ ಮೊದಲ ಬಸ್ ಯಾವಾಗ ಬಂತು, ಅದಕ್ಕೆ ಮುಂಚೆ ಎಷ್ಟು ದೂರ ನಡೆಯುತ್ತಿದ್ದರು ಎಂದು ನಿಮ್ಮ ಅಜ್ಜಿ ತಾತನನ್ನು ಕೇಳಿ ಬರೆದಿಡಿ. ಜನಗಣತಿಯವರು ಮನೆಗೆ ಬಂದಾಗ ಪಕ್ಕದಲ್ಲಿ ಕುಳಿತು, ತೊಟ್ಟಿಲ ಮಗುವಿನಿಂದ ಮುತ್ತಜ್ಜಿಯವರೆಗೆ ಎಲ್ಲರ ಹೆಸರೂ ಬಂತೇ ನೋಡಿ. ಸಣ್ಣ ಊರಿಗೆ ಒಂದೊಂದು ತಲೆಯೂ ದೊಡ್ಡದು.