ನೀರಿನ ಲೆಕ್ಕ ಒಂದು ಕಡೆ, ಕಾಯಿಲೆಯ ಲೆಕ್ಕ ಇನ್ನೊಂದು ಕಡೆ

ಮಳೆಗಾಲ ಶುರುವಾದರೆ ತರಗತಿಯಲ್ಲಿ ಖಾಲಿ ಬೆಂಚುಗಳು ಹೆಚ್ಚುತ್ತವೆ. ಕಾರಣ ಕೇಳಿದರೆ ವಾಂತಿಭೇದಿ, ಟೈಫಾಯ್ಡ್, ಕಾಮಾಲೆ. 'ಸೀಸನ್ ಅಲ್ವಾ' ಎಂದು ನಾವೂ ಸುಮ್ಮನಾಗುತ್ತೇವೆ. ಆದರೆ ಈ ಕಾಯಿಲೆಗಳು ಹೆಚ್ಚಾಗಿ ಹರಡುವುದು ಕಲುಷಿತ ನೀರು ಮತ್ತು ಆಹಾರದಿಂದ. ಒಡೆದ ಪೈಪಿಗೆ ಚರಂಡಿ ನೀರು ಸೇರಿದರೆ, ಟ್ಯಾಂಕ್ ತೊಳೆಯದೆ ಬಿಟ್ಟರೆ ಅದು ಆಡಳಿತದ ಲೋಪ. ಮಳೆಯನ್ನು ದೂರಿ ಫಲವಿಲ್ಲ.

2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಅನೇಕರು ಆಸ್ಪತ್ರೆ ಸೇರಿದರು. ಕೆಲವರು ಜೀವವನ್ನೇ ಕಳೆದುಕೊಂಡರು. ಇಂಥ ಘಟನೆಯಾದ ಮೇಲೆ ತನಿಖೆ, ಅಮಾನತು, ಪರಿಹಾರ ಎಲ್ಲವೂ ನಡೆಯುತ್ತವೆ. ಉತ್ತಮ ಆಡಳಿತ ಎಂದರೆ ಅದಕ್ಕಿಂತ ಮೊದಲೇ ನಡೆಯಬೇಕಾದ ಕೆಲಸ.

ನಮ್ಮ ಸಂವಿಧಾನದ 11ನೇ ಅನುಸೂಚಿ ಕುಡಿಯುವ ನೀರು ಮತ್ತು ಆರೋಗ್ಯ ಎರಡನ್ನೂ ಪಂಚಾಯಿತಿಗಳಿಗೆ ವಹಿಸಬಹುದಾದ ವಿಷಯಗಳ ಪಟ್ಟಿಯಲ್ಲಿ ಇಟ್ಟಿದೆ. ಆದರೆ ಊರಲ್ಲಿ ಇವೆರಡೂ ಬೇರೆ ಬೇರೆ ದಾರಿ ಹಿಡಿದಿವೆ. ಟ್ಯಾಂಕ್‌ನ ಲೆಕ್ಕ ಪಂಚಾಯಿತಿಯಲ್ಲಿ, ರೋಗಿಗಳ ಲೆಕ್ಕ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ. ಒಂದೇ ಬೀದಿಯ ನಾಲ್ಕು ಮಕ್ಕಳಿಗೆ ಎರಡು ದಿನದಲ್ಲಿ ಭೇದಿಯಾದರೆ ಆ ವರದಿ ತಾಲ್ಲೂಕಿಗೆ, ಜಿಲ್ಲೆಗೆ ಹೋಗುವುದಷ್ಟೇ ಸಾಲದು. ಅದೇ ದಿನ ಪಕ್ಕದ ಪಂಚಾಯಿತಿಗೂ ತಲುಪಬೇಕು, ಆ ಬೀದಿಯ ಪೈಪ್ ತಪಾಸಣೆಯಾಗಬೇಕು.

ತಪ್ಪನ್ನೆಲ್ಲ ನೀರುಗಂಟಿಯ ತಲೆಗೆ ಕಟ್ಟುವುದು ಸುಲಭ. ಆತನಿಗೆ ಬ್ಲೀಚಿಂಗ್ ಪೌಡರ್ ಸಮಯಕ್ಕೆ ಸಿಕ್ಕಿತೇ, ತರಬೇತಿ ಸಿಕ್ಕಿತೇ, ಸಂಬಳ ಸಿಕ್ಕಿತೇ ಎಂದೂ ಕೇಳಬೇಕಲ್ಲವೇ?

ಹಣವಿಲ್ಲ ಎಂಬ ಮಾತು ಇಲ್ಲಿ ಪೂರ್ತಿ ಒಪ್ಪುವಂಥದ್ದಲ್ಲ. ಕ್ಲೋರಿನ್ ಹಾಕಿದ ನೀರು ನಲ್ಲಿಗೆ ಬರುವಾಗ ಅದರಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಎನ್ನುತ್ತದೆ ಭಾರತೀಯ ಮಾನಕ. ಇದನ್ನು ನೋಡಲು ಒಂದು ಸಣ್ಣ ಕಿಟ್, ಕೆಲವು ಹನಿ ದ್ರಾವಣ ಸಾಕು. ಕೊರತೆ ಇರುವುದು ಫಲಿತಾಂಶವನ್ನು ಜನರ ಮುಂದಿಡುವ ಅಭ್ಯಾಸದಲ್ಲಿ. ಟ್ಯಾಂಕ್ ತೊಳೆದ ದಿನಾಂಕ, ಕ್ಲೋರಿನ್ ಪ್ರಮಾಣ, ಆ ವಾರದ ಭೇದಿ ಪ್ರಕರಣಗಳ ಸಂಖ್ಯೆ: ಈ ಮೂರೂ ಪಂಚಾಯಿತಿಯ ಒಂದೇ ಫಲಕದಲ್ಲಿ ಇದ್ದರೆ ಓದು ಬಲ್ಲ ಯಾರಿಗಾದರೂ ಅಪಾಯ ತಿಳಿಯುತ್ತದೆ. ರೋಗಿಗಳ ಹೆಸರು ಬೇಕಿಲ್ಲ, ಸಂಖ್ಯೆ ಸಾಕು.

ಕೇಳುವ ದಾರಿಗಳೂ ನಮಗಿವೆ. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಲೇಬೇಕು. 2005ರ ಮಾಹಿತಿ ಹಕ್ಕು ಕಾಯ್ದೆಯಡಿ 30 ದಿನದೊಳಗೆ ಉತ್ತರ ಕೊಡಬೇಕು. ವ್ಯಕ್ತಿಯ ಜೀವಕ್ಕೆ ಸಂಬಂಧಿಸಿದ್ದಾದರೆ 48 ಗಂಟೆಯೊಳಗೆ. ಆದರೆ ಸಭೆಯ ದಿನ ನಮ್ಮ ಮನೆಯಿಂದ ಯಾರೂ ಹೋಗದಿದ್ದರೆ, ನೀರಿನ ಕಂದಾಯ ವರ್ಷಗಟ್ಟಲೆ ಬಾಕಿ ಇದ್ದರೆ ನಮ್ಮ ಪ್ರಶ್ನೆಗೆ ಬಲ ಬರುವುದು ಕಷ್ಟ.

ಇದನ್ನು ನಾವು ಕಾಲೇಜಿನಿಂದಲೇ ಶುರು ಮಾಡಬಹುದು. ವಿಜ್ಞಾನ ವಿಭಾಗದವರು ವಾರಕ್ಕೊಮ್ಮೆ ಕಾಲೇಜಿನ ಕುಡಿಯುವ ನೀರನ್ನು ಪರೀಕ್ಷಿಸಲಿ, ಕಲಾ ಮತ್ತು ವಾಣಿಜ್ಯ ವಿಭಾಗದವರು ಅದನ್ನು ಸೂಚನಾ ಫಲಕದಲ್ಲಿ ಬರೆದು ದಾಖಲೆ ಇಡಲಿ. ಪ್ರಾಂಶುಪಾಲರು, ಉಪನ್ಯಾಸಕರು ಇದಕ್ಕೆ ಅನುಮತಿ ಕೊಡಬೇಕೆಂದು ವಿನಂತಿ. ನಮ್ಮ ಫಲಕ ಸರಿಯಾಗಿ ನಡೆದರೆ, ಅದರ ಫೋಟೋ ಹಿಡಿದು ಮುಂದಿನ ಗ್ರಾಮಸಭೆಗೆ ಹೋಗಿ 'ಇಂಥದ್ದೇ ಒಂದು ಇಲ್ಲಿಯೂ ಹಾಕಿ' ಎಂದು ಧೈರ್ಯವಾಗಿ ಕೇಳಬಹುದು.